ಸೇಮ್ ಐವತ್ತರ ನೋಟು ಥರಾನೇ ಇದೆ ಕಣ್ರೀ!

ಹಂಪಿಲಿ ವಿಜಯ ವಿಠಲ ದೇವಸ್ಥಾನದ ಕಲ್ಲಿನ ರಥದ ಮುಂದೆ ಸ್ವಲ್ಪ ಹೊತ್ತು ಸುಮ್ನೆ ನಿಂತ್ಕೊಳ್ಳಿ, ಬಂದವರೆಲ್ಲಾ ಮಾಡೋದು ಒಂದೇ ಕೆಲ್ಸ. ಪರ್ಸ್ ತಡಕಾಡೋದು, ಐವತ್ತರ ನೋಟು ಇಲ್ಲ ಅಂದ್ರೆ (ಫೋನ್‌ಪೇ ಕಾಲದಲ್ಲಿ ನೋಟು ಯಾರತ್ರ ಇರುತ್ತೆ) ಪಕ್ಕದವ್ರ ಹತ್ರ ಇಸ್ಕೊಂಡು, ಒಂದು ಕಣ್ಣು ಮುಚ್ಚಿ, ರಥಕ್ಕೆ ಅಡ್ಡ ಹಿಡಿದು ಕ್ಲಿಕ್. ಆಮೇಲೆ "ಸೇಮ್ ನೋಟಲ್ಲಿರೋ ಥರಾನೇ ಇದೆ ಅಲ್ವಾ!" ಅಂತ ಸರ್ಟಿಫಿಕೇಟು. ಅಂದ್ರೆ ವಿಜಯನಗರದ ಶಿಲ್ಪಿಗಳು ಪಾಸು, 2017ರ ನೋಟು ನೋಡ್ಕೊಂಡು ನೀಟಾಗಿ ಕಾಪಿ ಹೊಡೆದಿದಾರೆ. ಆ ಹೊತ್ತಲ್ಲಿ ಅಸಲಿ ರಥದ ಕಡೆ ಮುಖ ಮಾಡಿರೋದು ನೋಟಿನ ಆಚೆ ಬದಿಲಿರೋ ಗಾಂಧಿ ತಾತ ಒಬ್ರೇ.

ಅಸಲಿಗೆ ಅದು ರಥಾನೂ ಅಲ್ಲ, ಗರುಡನ ಗುಡಿ. ಮುಂದಿರೋ ಆನೆಗಳು ಆಮೇಲೆ ತಂದಿಟ್ಟಿದ್ದು, ಹಿಂದೆ ಬಗ್ಗಿ ನೋಡಿದ್ರೆ ಹಳೇ ಕುದುರೆಗಳ ಬಾಲ, ಹಿಂಗಾಲು ಇನ್ನೂ ಕಾಣುತ್ತೆ. 1856ರಲ್ಲಿ ಗ್ರೀನ್‌ಲಾ ಅನ್ನೋ ಬ್ರಿಟಿಷ್ ಸೇನಾಧಿಕಾರಿ ತೆಗೆದ ಫೋಟೋದಲ್ಲಿ ಮೇಲೊಂದು ಇಟ್ಟಿಗೆ ಗೋಪುರಾನೂ ಇದೆ. ನೋಟಲ್ಲಿ ಇಲ್ವಲ್ಲ, ಬಿಡಿ.

ಇನ್ನೊಂದು ಕೊರಗು, ನಮ್ಮ ಹಂಪಿಗೆ ಬರೀ ಐವತ್ತು, ಗುಜರಾತಿನ ರಾಣಿ ಕಿ ವಾವ್ ಬಾವಿಗೆ ನೂರಾ? ಕೋನಾರ್ಕ್‌ನೋರು ಏನ್ ಹೇಳ್ಬೇಕು ಪಾಪ, ಅವ್ರಿಗೆ ಹತ್ತೇ ರೂಪಾಯಿ. ಹಳೇ ನೂರರಲ್ಲಿ ಕಾಂಚನಜುಂಗಾ ಇತ್ತು, ಇಪ್ಪತ್ತರಲ್ಲಿ ಅಂಡಮಾನಿನ ತೆಂಗಿನಮರ, ಸಮುದ್ರ. ಬೆಟ್ಟಕ್ಕೂ ಸಮುದ್ರಕ್ಕೂ ವೋಟಿಲ್ಲ ನೋಡಿ, ಎತ್ತಂಗಡಿ ಆದ್ರೂ ಯಾರೂ ಧರಣಿ ಕೂರಲಿಲ್ಲ. ಎಲ್ಲಕ್ಕಿಂತ ದೊಡ್ಡ ರೇಟು ಸಿಕ್ಕಿದ್ದು ಎರಡು ಸಾವಿರದ ಮಂಗಳಯಾನಕ್ಕೆ, ಅದನ್ನ 2023ರಲ್ಲಿ ರಿಸರ್ವ್ ಬ್ಯಾಂಕೇ ವಾಪಸ್ ಇಳಿಸ್ಕೊಂತು.

ಈ ಜಗಳಾನೇ ಬೇಡ ಅಂತ ಯುರೋಪಿನೋರು ಯೂರೋ ನೋಟಲ್ಲಿ ಎಲ್ಲೂ ಇಲ್ದಿರೋ ಸೇತುವೆ ಬರೆಸಿದ್ರು, ಯಾವ ದೇಶದ್ದೂ ಅಲ್ಲ, ಎಲ್ಲರೂ ನಮ್ಮದು ಅನ್ಕೊಳ್ಳಿ ಅಂತ. ಏನಾಯ್ತು? ನೆದರ್ಲೆಂಡ್ಸ್‌ನ ಸ್ಪೈಕೆನಿಸ್ಸೆ ಅನ್ನೋ ಊರು ಆ ಏಳೂ ಸೇತುವೆನ ನೋಟಿನ ಬಣ್ಣ ಸಮೇತ ಕಾಂಕ್ರೀಟಲ್ಲಿ ಕಟ್ಟೇಬಿಡ್ತು! ಅವ್ರಾದ್ರೂ ಕಟ್ಟಿದ್ರು, ನಮ್ಮೋರು ಇರೋ ಕಲ್ಲಿನ ಮೇಲೇ ಹತ್ತಿ ಪೋಸ್ ಕೊಟ್ರು.

ಕೊನೆಗೆ 2020ರಲ್ಲಿ ಪುರಾತತ್ವ ಇಲಾಖೆಯೋರು ರಥದ ಸುತ್ತ ಬೇಲಿ ಹಾಕಿದ್ರು. ಈಗ ಹೊಸ ತಲೆನೋವು, ಸೀನು ನೋಟಿಗೆ ಮ್ಯಾಚ್ ಆಗಲ್ಲ. ಪರಿಹಾರ ಸಿಂಪಲ್, ಮುಂದಿನ ಸೀರೀಸಲ್ಲಿ ಬೇಲಿನೂ ಪ್ರಿಂಟ್ ಮಾಡ್ಬಿಡಿ ಸ್ವಾಮಿ. ಪಕ್ಕದಲ್ಲಿ ಹದಿನೈದು ಭಾಷೆಗೆ ಜಾಗ ಹೆಂಗೂ ಇದೆಯಲ್ಲ, "ಐವತ್ತು ರೂಪಾಯಿ" ಜೊತೆಗೆ "ಹತ್ತಬೇಡಿ, ಇಳೀರಿ" ಅಂತಾನೂ ಹಾಕ್ಸಿ.