ಕುಂಡದ ಸಕ್ಯುಲೆಂಟ್‌ಗೆ ಗೊಬ್ಬರ ಬೇಕೇ? ಪರ – ವಿರೋಧ

ಪರ: ಕುಂಡದಲ್ಲಿಟ್ಟ ಮೇಲೆ ಊಟ ನಾವೇ ಹಾಕಬೇಕು

ಚಿಕ್ಕಮಗಳೂರಿನಲ್ಲಿ ಈಗ ಯಾರ ಮನೆ ಜಗಲಿ ನೋಡಿದರೂ ನಾಲ್ಕಾರು ಪುಟ್ಟ ಕುಂಡಗಳು ಇದ್ದೇ ಇರುತ್ತವೆ. ಅದರಲ್ಲಿ ಎಲೆ, ಕಾಂಡದಲ್ಲಿ ನೀರು ಕೂಡಿಟ್ಟುಕೊಳ್ಳುವ ಸಕ್ಯುಲೆಂಟ್ ಗಿಡಗಳು: ಎಚೆವೇರಿಯಾ, ಹಾವರ್ಥಿಯಾ, ಜೇಡ್, ಜೊತೆಗೊಂದು ಅಡೇನಿಯಂ. ಪ್ರೀತಿಯಿಂದಲೇ ಸಾಕುತ್ತಾರೆ. ಆದರೆ ಗೊಬ್ಬರದ ಮಾತೆತ್ತಿದರೆ ಎಲ್ಲರದ್ದೂ ಒಂದೇ ಉತ್ತರ: "ಅದು ಮರುಭೂಮಿ ಗಿಡ ಅಲ್ವಾ, ಅದಕ್ಯಾಕೆ ಗೊಬ್ಬರ?"

ನಾನು ಇದನ್ನು ಒಪ್ಪುವುದಿಲ್ಲ. ಒಣ ಸೀಮೆಯ ಮಣ್ಣಿನಲ್ಲಿ ಕಡಿಮೆ ಇರುವುದು ನೀರು, ಮತ್ತೆ ಎಲೆ ಕಸ ಕೊಳೆತು ಬರುವ ಸಾರಜನಕ. ಸುಣ್ಣ, ಪೊಟ್ಯಾಷ್, ಮೆಗ್ನೀಸಿಯಂ ಸಾಮಾನ್ಯವಾಗಿ ಅಲ್ಲಿ ಉಳಿದಿರುತ್ತವೆ. ತೊಳೆದುಕೊಂಡು ಹೋಗುವಷ್ಟು ಮಳೆಯೇ ಬೀಳುವುದಿಲ್ಲವಲ್ಲ! ನಮ್ಮ ಮಲೆನಾಡಿನದ್ದು ಉಲ್ಟಾ. ಕೊಪ್ಪ, ಶೃಂಗೇರಿಯ ಮಳೆಗೆ ಮಣ್ಣಿನ ಸುಣ್ಣವೆಲ್ಲ ತೊಳೆದುಹೋಗಿ ಮಣ್ಣು ಹುಳಿಯಾಗುತ್ತದೆ. ಅದಕ್ಕೇ ಕಾಫಿ ತೋಟಕ್ಕೆ ಸುಣ್ಣ ಹಾಕುವುದು. ಕುಂಡದಲ್ಲಿ ನಡೆಯುವುದೂ ಅದೇ. ನೀರು ಹಾಕಿದಾಗಲೆಲ್ಲ ತಳದ ತೂತಿನಿಂದ ಒಂದಿಷ್ಟು ಸಾರ ಹೊರಗೆ ಹೋಗುತ್ತದೆ. ಬಂಡೆಯ ಸಂದಿಯಲ್ಲಿರುವ ಗಿಡ ಬೇರು ಚಾಚಿ ಬೇಕಾದ್ದನ್ನು ಹುಡುಕಿಕೊಳ್ಳುತ್ತದೆ. ನಾಲ್ಕು ಇಂಚಿನ ಕುಂಡದಲ್ಲಿ ಎಲ್ಲಿಗೆ ಚಾಚಬೇಕು?

ನರ್ಸರಿಯಿಂದ ತಂದ ಗಿಡವನ್ನು ಒಮ್ಮೆ ಕುಂಡದಿಂದ ಬಿಡಿಸಿ ನೋಡಿ. ಬಹಳ ಸಲ ಸಿಗುವುದು ಬರೀ ಕೋಕೋಪೀಟ್. ಅದರಲ್ಲಿ ಸ್ವಂತ ಸಾರ ಹೆಚ್ಚೇನೂ ಇಲ್ಲ. ಕೆಲವದರಲ್ಲಿ ನಡುನಡುವೆ ಸಾಸಿವೆ ಕಾಳಿಗಿಂತ ಸ್ವಲ್ಪ ದಪ್ಪನೆಯ ಹಳದಿ ಗುಂಡುಗಳಿರುತ್ತವೆ. ಅದು ನಿಧಾನವಾಗಿ ಕರಗುವ ಗೊಬ್ಬರ. ಒಂದನ್ನು ಬೆರಳ ನಡುವೆ ಹಿಚುಕಿ. ನೀರು ಚಿಮ್ಮಿ ಬರೀ ಸಿಪ್ಪೆ ಉಳಿಯಿತೋ, ಅದರ ಕೆಲಸ ಮುಗಿದಿದೆ ಅಂತ ಅರ್ಥ. ಅಂದರೆ ಆ ದುಂಡನೆಯ ಚೆಂದದ ಗಿಡವನ್ನು ನರ್ಸರಿಯವರು ಗೊಬ್ಬರ ಕೊಟ್ಟೇ ಬೆಳೆಸಿದ್ದಾರೆ. ಮನೆಗೆ ತಂದ ಮೇಲೆ ನಾವು ಪೂರ್ತಿ ನಿಲ್ಲಿಸಿಬಿಡುತ್ತೇವೆ.

ಬಾಗಿಲ ಮೇಲೆ ತಲೆಕೆಳಗಾಗಿ ಕಟ್ಟಿದ ಲೋಳೆಸರ ಮಣ್ಣೇ ಇಲ್ಲದೆ ತಿಂಗಳುಗಟ್ಟಲೆ ಬದುಕುತ್ತದೆ ಎಂದು ಕೆಲವರು ಹೇಳುತ್ತಾರೆ. ಬದುಕುತ್ತದೆ, ನಿಜ. ಎಲೆಯಲ್ಲಿ ಕೂಡಿಟ್ಟದ್ದನ್ನೇ ಕರಗಿಸಿಕೊಂಡು, ದಿನೇ ದಿನೇ ತೆಳ್ಳಗಾಗುತ್ತಾ. ನಮ್ಮ ಕುಂಡದ ಗಿಡ ಹಾಗೆ ಬದುಕಬೇಕೇ?

ಎಷ್ಟು ಹಾಕಬೇಕು, ಯಾವಾಗ ಹಾಕಬೇಕು ಅನ್ನುವುದೇ ಇಲ್ಲಿ ಮುಖ್ಯ. ಗೊಬ್ಬರದ ಅಂಗಡಿಯಲ್ಲಿ ಸಿಗುವ, ನೀರಿನಲ್ಲಿ ಕರಗುವ 19:19:19 (ಸಾರಜನಕ, ರಂಜಕ, ಪೊಟ್ಯಾಷ್ ಇದೇ ಕ್ರಮದಲ್ಲಿ ಶೇಕಡಾವಾರು) ಸಾಕು. ನಾಲ್ಕು ಲೀಟರ್ ನೀರಿಗೆ ಎರಡು ಗ್ರಾಂ, ಅಷ್ಟೇ. ತೋಟದ ಲೆಕ್ಕ ಇಲ್ಲಿ ಬೇಡ. ಒಣಗಿದ ಬೇರಿಗೆ ನೇರವಾಗಿ ಹಾಕಬೇಡಿ, ಸುಡುತ್ತದೆ. ಹಿಂದಿನ ದಿನ ಬರೀ ನೀರು ಕೊಡಿ, ಮಾರನೆ ದಿನ ಇದನ್ನು ಬುಡಕ್ಕೆ ಹಾಕಿ. ಎಲೆಯ ಮೇಲೆ ಬೇಡ. ಎಚೆವೇರಿಯಾ, ಜೇಡ್ ಮಳೆಗಾಲ ಕಳೆದು ಅಕ್ಟೋಬರ್‌ನಿಂದ ಫೆಬ್ರವರಿವರೆಗೆ ನಮ್ಮಲ್ಲಿ ಚೆನ್ನಾಗಿ ಬೆಳೆಯುತ್ತವೆ. ಆಗ ತಿಂಗಳಿಗೊಮ್ಮೆ ಕೊಟ್ಟರಾಯಿತು. ಅಡೇನಿಯಂ ಬಿಸಿಲಿನ ಗಿಡ. ಅದಕ್ಕೆ ಮಾರ್ಚ್‌ನಿಂದ ಮೇವರೆಗೆ ಸರಿಯಾದ ಕಾಲ. ಹೂ ಬೇಕೆಂದರೆ ಪೊಟ್ಯಾಷ್ ಜಾಸ್ತಿ ಇರುವ 13:0:45 ನೋಡಿ. ಹೊಟ್ಟೆಗಿಲ್ಲದ ಅಡೇನಿಯಂ ಹೂ ಬಿಡುವುದೂ ಕಡಿಮೆ. ಜೂನ್ ಬಂತೆಂದರೆ ಎಲ್ಲಕ್ಕೂ ನಿಲ್ಲಿಸಿ.

ವಿರೋಧ: ಗಿಡ ಕೇಳುತ್ತಿರುವುದು ಬಿಸಿಲು, ಗೊಬ್ಬರ ಅಲ್ಲ

ನಮಗೆ ಗೊಬ್ಬರದ ಯೋಚನೆ ಬರುವುದು ಯಾವಾಗ? ಗಿಡ ಚೆನ್ನಾಗಿದ್ದಾಗ ಅಲ್ಲ, ಸೊರಗಿದಾಗ. ನನ್ನ ತಕರಾರು ಇರುವುದೇ ಅಲ್ಲಿ.

ಸೊರಗಿದ ಸಕ್ಯುಲೆಂಟನ್ನು ಹತ್ತಿರದಿಂದ ನೋಡಿ. ಎಚೆವೇರಿಯಾ ಉದ್ದಕ್ಕೆ ಹೋಗಿ ಎಲೆಗಳ ನಡುವೆ ಕಾಂಡ ಕಾಣುತ್ತಿದೆಯೇ? ಬೆಳಕು ಸಾಲುತ್ತಿಲ್ಲ. ಕೆಳಗಿನ ಎಲೆ ನೀರುಗಟ್ಟಿ, ಹಳದಿಯಾಗಿ, ಮುಟ್ಟಿದರೆ ಕಳಚಿ ಬರುತ್ತಿದೆಯೇ? ನೀರು ಜಾಸ್ತಿಯಾಗಿದೆ. ಬುಡದ ಒಂದೆರಡು ಎಲೆ ಒಣಗಿ ತರಗಾಗಿದೆಯೇ? ಅದು ರೋಗವೇ ಅಲ್ಲ, ಹಳೆ ಎಲೆ ಹಾಗೇ ಹೋಗುತ್ತದೆ. ಈ ಮೂರರಲ್ಲಿ ಗೊಬ್ಬರದಿಂದ ವಾಸಿಯಾಗುವುದು ಒಂದೂ ಇಲ್ಲ. ಮೊದಲನೆಯದು ಇನ್ನೂ ಕೆಡುತ್ತದೆ. ಬೆಳಕಿಲ್ಲದ ಕಡೆ ಸಾರಜನಕ ಕೊಟ್ಟರೆ ಗಿಡ ಮತ್ತಷ್ಟು ಉದ್ದಕ್ಕೆ, ಪೇಲವವಾಗಿ ಎಳೆದುಕೊಳ್ಳುತ್ತದೆ.

ಎರಡು ಗ್ರಾಂ ಅಂತ ಬರೆಯುವುದು ಸುಲಭ. ಎರಡು ಗ್ರಾಂ ತೂಗುವ ತಕ್ಕಡಿ ಎಷ್ಟು ಮನೆಯಲ್ಲಿದೆ? ನಮ್ಮ ಕಡೆ ಇರುವುದು ತೋಟದ ಶೆಡ್‌ನಲ್ಲಿ ಬಾಯಿ ಬಿಚ್ಚಿಟ್ಟ 17:17:17 ಚೀಲ. ಕಾಫಿಗೆ ಹಾಕಿ ಉಳಿದದ್ದರಲ್ಲಿ ಒಂದು ಹಿಡಿ ಜಗಲಿಯ ಕುಂಡಗಳಿಗೂ ಬೀಳುತ್ತದೆ. ಕಾಫಿ ಗಿಡದ ಬೇರು ನೆಲದಲ್ಲಿ ಹರಡಿಕೊಂಡಿರುತ್ತದೆ, ಅದು ತಡೆದುಕೊಳ್ಳುತ್ತದೆ. ಅಂಗೈಯಗಲದ ಕುಂಡ ತಡೆಯುತ್ತದೆಯೇ?

ಅಡೇನಿಯಂಗೆ ಮೇವರೆಗೆ ಗೊಬ್ಬರ ಕೊಡಿ ಎಂಬ ಸಲಹೆಯನ್ನಂತೂ ಮೂಡಿಗೆರೆಯವರು ಯಾರೂ ಪಾಲಿಸಬಾರದು. ಗೊಬ್ಬರ ತಿಂದ ಚಿಗುರು ಎಳಸು, ನೀರು ತುಂಬಿ ಮೆತ್ತಗಿರುತ್ತದೆ. ಅದು ಗಟ್ಟಿಯಾಗುವ ಮೊದಲೇ ಜೂನ್‌ನಲ್ಲಿ ಮಳೆ ಹಿಡಿಯುತ್ತದೆ. ಆಮೇಲೆ ವಾರಗಟ್ಟಲೆ ಬಿಸಿಲಿಲ್ಲ, ಕುಂಡದ ಮಣ್ಣು ಒಣಗುವುದಿಲ್ಲ. ಹೊರಗಿನಿಂದ ಏನೂ ಗೊತ್ತಾಗುವುದಿಲ್ಲ. ಒಂದು ದಿನ ಬುಡದ ಗೆಡ್ಡೆ ಒತ್ತಿದರೆ ಬೆರಳು ಒಳಗೇ ಹೋಗುತ್ತದೆ. ವರ್ಷಗಟ್ಟಲೆ ಬೆಳೆದ ಗೆಡ್ಡೆ ಅದು. ನೋಡಿದರೆ ಸಂಕಟವಾಗುತ್ತದೆ.

ಎಳಸು ಚಿಗುರಿಗೆ ಇನ್ನೊಂದು ಶತ್ರು ಹಿಟ್ಟು ತಿಗಣೆ. ಕಾಫಿ ಬೆಳೆಯುವವರಿಗೆ ಅದರ ಪರಿಚಯ ಹೇಳಬೇಕಾಗಿಲ್ಲ. ಎಚೆವೇರಿಯಾದ ಒತ್ತೊತ್ತು ಎಲೆಗಳ ಸಂದಿಗೆ ಬಿಳಿ ಹತ್ತಿಯಾಗಿ ಸೇರಿಕೊಂಡರೆ ತೆಗೆಯುವುದು ಬಹಳ ಕಷ್ಟ.

ಮಳೆ ಕಡಿಮೆ ಇರುವ ಕಡೂರು ಕಡೆ ತೊಂದರೆ ಬೇರೆ ಥರದ್ದು. ಬೋರ್‌ವೆಲ್‌ನ ಗಡಸು ನೀರು ಹಾಕುವ ಮನೆಗಳಲ್ಲಿ ಮಣ್ಣಿನ ಕುಂಡದ ಅಂಚು ನೋಡಿ. ಬಿಳಿ ಪಟ್ಟಿ ಕಟ್ಟಿರುತ್ತದೆ. ಉಗುರಿನಿಂದ ಕೆರೆದರೆ ಪುಡಿ ಉದುರುತ್ತದೆ. ನೀರು ಆರಿ ಉಳಿದ ಉಪ್ಪು ಅದು. ರಾಸಾಯನಿಕ ಗೊಬ್ಬರವೂ ಉಪ್ಪೇ. ಒಂದರ ಮೇಲೊಂದು ಸೇರಿದರೆ ಬೇರು ನೀರು ಎಳೆದುಕೊಳ್ಳಲಾರದು. ಹಸಿ ಮಣ್ಣಿನಲ್ಲೇ ಗಿಡ ಬಾಡುತ್ತದೆ. ಬಾಯಾರಿದೆ ಅಂದುಕೊಂಡು ಇನ್ನೊಂದು ಚೊಂಬು ನೀರು ಹಾಕುತ್ತಾರೆ, ಅಲ್ಲಿಗೆ ಮುಗಿಯಿತು.

ಸಾವಯವ ಆದರೆ ಪರವಾಗಿಲ್ಲ ಅನ್ನುವವರಿಗೂ ಒಂದು ಮಾತು. ಫಿಲ್ಟರ್‌ನಲ್ಲಿ ಉಳಿದ ಕಾಫಿ ಚರಟ, ಅಕ್ಕಿ ತೊಳೆದ ನೀರು, ಸಗಣಿ ಬಗ್ಗಡ ಇವೆಲ್ಲ ಗುಲಾಬಿಗೆ, ಕರಿಬೇವಿಗೆ ಇರಲಿ. ಚರಟ ಮೇಲ್ಗಡೆ ಹೆಪ್ಪುಗಟ್ಟಿ ತೇವ ಹಿಡಿದಿಡುತ್ತದೆ, ಬೂಷ್ಟು ಬರುತ್ತದೆ, ನುಸಿ ಏಳುತ್ತದೆ. ಸಕ್ಯುಲೆಂಟ್‌ಗೆ ಮೊದಲು ಬೇಕಾದದ್ದು ಬೇಗ ಒಣಗುವ ಮಣ್ಣು.

ಇನ್ನು ಬಣ್ಣ. ಡಿಸೆಂಬರ್, ಜನವರಿಯ ಚಳಿ ಮತ್ತು ಒಳ್ಳೆ ಬಿಸಿಲು ಸೇರಿದರೆ ಎಷ್ಟೋ ಜಾತಿಯ ಎಚೆವೇರಿಯಾದ ಎಲೆ ಅಂಚು ಕೆಂಪಾಗುತ್ತದೆ. ಜನ ಅದಕ್ಕೆ ಮರುಳಾಗಿಯೇ ಈ ಗಿಡ ತರುತ್ತಾರೆ. ಸರಿಯಾಗಿ ಅದೇ ತಿಂಗಳುಗಳಲ್ಲಿ ಸಾರಜನಕ ಕೊಟ್ಟರೆ ಕೆಂಪು ಹಿಂದೆ ಸರಿದು ಬರೀ ಹಸಿರು ಉಳಿಯುತ್ತದೆ.

ಹಾಗಾದರೆ ಏನು ಮಾಡಬೇಕು? ಎರಡು ವರ್ಷಕ್ಕೊಮ್ಮೆ ಮಣ್ಣು ಬದಲಾಯಿಸಿ. ಅರ್ಧಕ್ಕಿಂತ ಜಾಸ್ತಿ ದಪ್ಪ ಮರಳು ಅಥವಾ ಇಟ್ಟಿಗೆ ಚೂರು, ಉಳಿದದ್ದು ಕೆಂಪು ಮಣ್ಣು, ಅದಕ್ಕೊಂದು ಹಿಡಿ ಹಳೆಯ ಎರೆಹುಳು ಗೊಬ್ಬರ. ಅದೂ ಗೊಬ್ಬರವೇ ಅಲ್ವಾ ಎಂದು ಕೇಳುತ್ತೀರಿ. ಹೌದು. ಆದರೆ ಅದು ಒಮ್ಮೆ ಮಣ್ಣಿನ ಜೊತೆ ಸೇರಿ ನಿಧಾನಕ್ಕೆ ಸಿಗುವಂಥದ್ದು, ತಿಂಗಳು ತಿಂಗಳು ಅಳತೆ ತಪ್ಪುವ ಭಯ ಇಲ್ಲ. ಮಳೆ ನಿಂತ ಮೇಲೆ, ಅಕ್ಟೋಬರ್ ಕೊನೆಯಲ್ಲಿ ಈ ಕೆಲಸ ಇಟ್ಟುಕೊಳ್ಳಿ. ಗಿಡ ಬಿಡಿಸಿದಾಗ ಕಪ್ಪಾದ ಬೇರು ಕತ್ತರಿಸಿ, ಗಾಯ ಒಣಗಲು ಎರಡು ದಿನ ನೆರಳಿನಲ್ಲಿಡಿ. ನೆಟ್ಟ ಮೇಲೆ ವಾರದವರೆಗೆ ನೀರು ಹಾಕಬೇಡಿ. ಕುಂಡವನ್ನು ಬೆಳಗಿನ ಬಿಸಿಲು ಬೀಳುವ ಕಡೆಗೆ ಸರಿಸಿ.