ಸತ್ಯಾಂಶ: ಲುಡೋಗೊರೆಟ್ಸ್ ಬಡ ಹಳ್ಳಿ ತಂಡವೇ?

‘ಬಲ್ಗೇರಿಯಾದ ಬಡ ಹಳ್ಳಿ ತಂಡಕ್ಕೆ ಗೋಲ್‌ಕೀಪರೂ ಇರಲಿಲ್ಲ, ಆದರೂ ಚಾಂಪಿಯನ್ಸ್ ಲೀಗ್ ಸೇರಿತು’ ಅಂತ ಲುಡೋಗೊರೆಟ್ಸ್ ಫುಟ್‌ಬಾಲ್ ಕ್ಲಬ್ ಬಗ್ಗೆ ಓಡಾಡೋ ಫಾರ್ವರ್ಡ್ ಅರ್ಧ ಮಾತ್ರ ನಿಜ. ಚಾಂಪಿಯನ್ಸ್ ಲೀಗ್ ಅಂದರೆ ಯುರೋಪಿನ ಕ್ಲಬ್‌ಗಳ ಅಗ್ರ ಟೂರ್ನಿ.

ಗೋಲ್‌ಕೀಪರ್ ಇದ್ದರು. 2014ರ ಆಗಸ್ಟ್ 27ರಂದು, ರೊಮೇನಿಯಾದ ಸ್ಟೆವಾ ಬುಕಾರೆಸ್ಟ್ ವಿರುದ್ಧದ ಅರ್ಹತಾ ಪಂದ್ಯದ 119ನೇ ನಿಮಿಷದಲ್ಲಿ ಗೋಲ್‌ಕೀಪರ್ ಸ್ಟೊಯಾನೊವ್‌ಗೆ ರೆಡ್ ಕಾರ್ಡ್ ಬಿತ್ತು. ಬದಲಿ ಆಟಗಾರರನ್ನು ಇಳಿಸುವ ಅವಕಾಶ ಮುಗಿದಿತ್ತು. ಡಿಫೆಂಡರ್ ಕೊಸ್ಮಿನ್ ಮೊತ್ಸಿ ಗ್ಲೌಸ್ ಹಾಕಿಕೊಂಡರು. ಪೆನಾಲ್ಟಿ ಶೂಟೌಟ್‌ನಲ್ಲಿ ತಂಡದ ಮೊದಲ ಪೆನಾಲ್ಟಿ ತಾವೇ ಹೊಡೆದು ಗೋಲು ಗಳಿಸಿದರು, ಆಮೇಲೆ ಎರಡು ಪೆನಾಲ್ಟಿ ತಡೆದರು. ಶೂಟೌಟ್‌ನಲ್ಲಿ 6-5 ಗೆಲುವು, ಚಾಂಪಿಯನ್ಸ್ ಲೀಗ್‌ಗೆ ಪ್ರವೇಶ. ಇಷ್ಟಾಗಿ ಮೊತ್ಸಿ ರೊಮೇನಿಯಾದವರು, ಸ್ಟೆವಾದ ಬದ್ಧ ಎದುರಾಳಿ ಕ್ಲಬ್ ಡಿನಾಮೊ ಬುಕಾರೆಸ್ಟ್‌ನಲ್ಲಿ ಆಡಿ ಬಂದವರು. ಮಜಾ ಅಲ್ವಾ?

ಬಡತನದ ಮಾತು ಮಾತ್ರ ಸುಮ್ನೆ ಸೇರಿಸಿದ್ದು. ಕ್ಲಬ್ಬಿನ ಊರು ರಾಜ್‌ಗ್ರಾದ್ ಚಿಕ್ಕದು ನಿಜ, ಆದರೆ ಪ್ರಾಂತ್ಯದ ಕೇಂದ್ರ. 2010ರಲ್ಲಿ ಉದ್ಯಮಿ ಕಿರಿಲ್ ದೊಮುಸ್ಚಿಯೆವ್ ಕ್ಲಬ್ ಕೊಂಡು ದುಡ್ಡು ಸುರಿದರು. 2011ರಲ್ಲಿ ಬಲ್ಗೇರಿಯಾದ ಅಗ್ರ ಲೀಗ್ ಪ್ರವೇಶ. 2012ರಿಂದ 2025ರವರೆಗೆ ಸತತ 14 ಲೀಗ್ ಪ್ರಶಸ್ತಿ.