ಪವರ್ ಸ್ಟೇಷನ್ ಕೊಳ್ಳುವ ಮೊದಲು ಫ್ಯಾನು ಬದಲಾಯಿಸಿ

ಮೇ ಕೊನೆಯ ಪತ್ತನಾಜೆ ಹತ್ತಿರವಾದಂತೆ ಕಾಸರಗೋಡಿನ ಬದಿಯಡ್ಕ, ಪೆರ್ಲ, ಮುಳ್ಳೇರಿಯ ಕಡೆಯ ಬಂಧುಮಿತ್ರರಿಂದ ಒಂದೇ ಪ್ರಶ್ನೆ ಬೇರೆ ಬೇರೆ ಮಾತಿನಲ್ಲಿ ಬರತೊಡಗುತ್ತದೆ: ಮಳೆಗಾಲಕ್ಕೆ ಪೋರ್ಟಬಲ್ ಪವರ್ ಸ್ಟೇಷನ್, ಅಂದರೆ ಬ್ಯಾಟರಿಯೂ ಇನ್ವರ್ಟರೂ ಒಂದೇ ಪೆಟ್ಟಿಗೆಯಲ್ಲಿರುವ ಸಾಧನ, ತೆಗೆದುಕೊಳ್ಳಬಹುದೇ, ತೆಗೆದುಕೊಂಡರೆ ಎಷ್ಟು ದೊಡ್ಡದು? ಒಬ್ಬೊಬ್ಬರಿಗೆ ಫೋನಿನಲ್ಲಿ ಹೇಳುವುದಕ್ಕಿಂತ ಇಲ್ಲಿ ಬರೆದಿಡುವುದು ಮೇಲೆಂದು ತೋರಿತು. ನನ್ನ ಅಭಿಪ್ರಾಯವನ್ನು ಮೊದಲೇ ಹೇಳಿಬಿಡುತ್ತೇನೆ. ನಮ್ಮ ಕಡೆಯ ಹೆಚ್ಚಿನ ಮನೆಗಳಿಗೆ ಜಾಹೀರಾತಿನಲ್ಲಿ ಕಾಣುವ ದೊಡ್ಡ ಪೆಟ್ಟಿಗೆ ಬೇಡ. ಒಬ್ಬರೇ ಎತ್ತಿ ಸ್ಕೂಟರಿನಲ್ಲೋ ಆಟೋದಲ್ಲೋ ಇಟ್ಟುಕೊಂಡು ಹೋಗಬಹುದಾದ ಸಣ್ಣದು ಸಾಕು.

ಇಲ್ಲಿ ಕರೆಂಟು ಹೋಗುವ ಬಗೆಯೇ ಇದಕ್ಕೆ ಕಾರಣ. ನಮ್ಮ ಲೈನುಗಳು ಅಡಿಕೆ ತೋಟದ ನಡುವೆ, ರಬ್ಬರಿನ ಗುಡ್ಡದ ಮೇಲೆ, ಹಲಸು ಮಾವುಗಳ ಬುಡದಲ್ಲಿ ಹಾದುಬರುತ್ತವೆ. ಗಾಳಿಗೆ ಒಂದು ಗೆಲ್ಲು ಮುರಿದು ಬಿದ್ದರೆ, ಒಂದು ಕಂಗು (ಅಡಿಕೆ ಮರ) ವಾಲಿ ತಂತಿಗೆ ತಾಗಿದರೆ, ಆ ಕವಲಿನ ನಾಲ್ಕಾರು ಮನೆಗಳು ಕತ್ತಲಾಗುತ್ತವೆ. ಎರಡು ಮೈಲಿ ಆಚೆಯ ಪೇಟೆಯಲ್ಲಿ ಅಂಗಡಿಗಳ ದೀಪ ಉರಿಯುತ್ತಲೇ ಇರುತ್ತದೆ. ಸುರಿಯುವ ಮಳೆಯಲ್ಲಿ ಕಂಬ ಹತ್ತುವ ಲೈನ್‌ಮನ್‌ಗಳು ಮೊದಲು ಮುಖ್ಯ ಲೈನನ್ನು ಸರಿಪಡಿಸಿ ಅನಂತರ ಕವಲುಗಳಿಗೆ ಬರಬೇಕಾಗುವುದರಿಂದ, ಗುಡ್ಡದ ಮೇಲಿನ ಕೊನೆಯ ಮನೆಗೆ ಬೆಳಕು ಬರುವಷ್ಟರಲ್ಲಿ ಕೆಲವೊಮ್ಮೆ ಎರಡು ಮೂರು ರಾತ್ರಿಗಳು ಕಳೆದಿರುತ್ತವೆ. ಹೀಗಿರುವಾಗ ನಮಗೆ ಬೇಕಾದದ್ದು ಒಂದು ರಾತ್ರಿಯನ್ನು ದಾಟಿಸಿ, ಮರುದಿನ ಪೇಟೆಯಲ್ಲೋ ಕರೆಂಟಿರುವ ನೆಂಟರ ಮನೆಯಲ್ಲೋ ಚಾರ್ಜ್ ಮಾಡಿಸಿಕೊಂಡು ಸಂಜೆಯೊಳಗೆ ಹಿಂದೆ ತರಬಹುದಾದ ಪೆಟ್ಟಿಗೆ. ಬ್ಯಾಟರಿ ಎಷ್ಟು ಕರೆಂಟು ಹಿಡಿಯುತ್ತದೆ ಎಂಬುದರ ಅಳತೆ ವಾಟ್-ಅವರ್; ಐನೂರು ವಾಟ್-ಅವರಿನ ಆಸುಪಾಸಿನವು ಆರೇಳು ಕಿಲೋ ತೂಗುತ್ತವೆ; ಸಾವಿರದವು ಹನ್ನೆರಡು ಹದಿಮೂರು ಕಿಲೋ; ಎರಡು ಸಾವಿರದವು ಇಪ್ಪತ್ತು ಕಿಲೋದ ಆಸುಪಾಸು. ಮಕ್ಕಳೆಲ್ಲ ಬೆಂಗಳೂರಿನಲ್ಲೋ ಗಲ್ಫಿನಲ್ಲೋ ಇದ್ದು ಎಪ್ಪತ್ತು ದಾಟಿದ ಇಬ್ಬರೇ ಇರುವ ಮನೆಗೆ ಇಪ್ಪತ್ತು ಕಿಲೋದ ಪೆಟ್ಟಿಗೆ ಕಳುಹಿಸಿದರೆ, ಮೊದಲ ರಾತ್ರಿ ಖಾಲಿಯಾದ ಮೇಲೆ ಅದು ಇಟ್ಟಲ್ಲೇ ಕೂತಿರುತ್ತದೆ.

ಇನ್ನು ಲೆಕ್ಕಕ್ಕೆ ಬರೋಣ. ಸಾವಿರ ವಾಟ್-ಅವರ್ ಎಂದರೆ ನಮ್ಮ ಬಿಲ್ಲಿನಲ್ಲಿ ಕಾಣುವ ಒಂದು ಯೂನಿಟ್. ಸಂಜೆ ಏಳರಿಂದ ಬೆಳಿಗ್ಗೆ ಆರರವರೆಗೆ ಒಂದು ಸಾಧಾರಣ ಮನೆಗೆ ಏನು ಬೇಕು? 9 ವಾಟಿನ ಎರಡು ಎಲ್ಇಡಿ ಬಲ್ಬು ನಾಲ್ಕು ಗಂಟೆ ಉರಿದರೆ 72 ವಾಟ್-ಅವರ್. 12 ವಾಟಿನ ಮೋಡೆಮ್ ಐದು ಗಂಟೆಗೆ 60. ಮೂರು ಫೋನುಗಳಿಗೆ ಹೆಚ್ಚೆಂದರೆ 45. ಇಲ್ಲಿಯವರೆಗೆ ಲೆಕ್ಕ ಬಹಳ ಹಗುರ. ಆದರೆ ಹಳೆಯ ಮಾದರಿಯ ಸೀಲಿಂಗ್ ಫ್ಯಾನು 75 ವಾಟಿನಷ್ಟು ಎಳೆಯುತ್ತದೆ; ಒಂಬತ್ತು ಗಂಟೆಗೆ ಅದೊಂದೇ 675 ತಿನ್ನುತ್ತದೆ. ಎಲ್ಲ ಸೇರಿ 852. ಪೆಟ್ಟಿಗೆಯೊಳಗಿನ ಬ್ಯಾಟರಿಯ ಕರೆಂಟನ್ನು 230 ವೋಲ್ಟಿಗೆ ಏರಿಸುವಾಗ ಸುಮಾರು ಶೇ. 15ರಷ್ಟು ಬಿಸಿಯಾಗಿ ಹೋಗುವುದರಿಂದ ಬ್ಯಾಟರಿಯಲ್ಲಿ ಸಾವಿರ ಇರಬೇಕು; ಅದರ ಮೇಲೆ, ಆ ಇನ್ವರ್ಟರ್ ಭಾಗ ಆನ್ ಆಗಿರುವಷ್ಟು ಹೊತ್ತೂ ತಾನೇ ಗಂಟೆಗೆ ಹತ್ತು ಹದಿನೈದು ವಾಟ್-ಅವರ್ ತಿನ್ನುತ್ತದೆ. ಹೀಗೆ ಒಂದು ರಾತ್ರಿಗೆ 1100 ವಾಟ್-ಅವರ್ ದಾಟಿತು.

ಅದೇ ಕೋಣೆಯಲ್ಲಿ ಕಡಿಮೆ ಕರೆಂಟು ಎಳೆಯುವ ಹೊಸ ಬಗೆಯ ಮೋಟರಿನ, 30 ವಾಟಿನ ಬಿಎಲ್‌ಡಿಸಿ ಫ್ಯಾನು ಇದ್ದರೆ ಫ್ಯಾನಿನ ಪಾಲು 270ಕ್ಕೆ ಇಳಿಯುತ್ತದೆ, ಎಲ್ಲ ನಷ್ಟವನ್ನೂ ಸೇರಿಸಿದರೆ ರಾತ್ರಿಯ ಖರ್ಚು 640ರ ಹತ್ತಿರ ನಿಲ್ಲುತ್ತದೆ. ಮೂರು ಸಾವಿರ ರೂಪಾಯಿಯ ಆಸುಪಾಸಿನ ಒಂದು ಫ್ಯಾನು ಪೆಟ್ಟಿಗೆಯ ಗಾತ್ರವನ್ನು ಹೆಚ್ಚುಕಡಿಮೆ ಅರ್ಧಕ್ಕೆ ಇಳಿಸುತ್ತದೆ, ಉಳಿದ ತಿಂಗಳುಗಳಲ್ಲಿ ಬಿಲ್ಲನ್ನೂ ಇಳಿಸುತ್ತದೆ. ಪವರ್ ಸ್ಟೇಷನ್ ಮಾರುವವರಲ್ಲಿ ಯಾರೂ ಇದನ್ನು ಹೇಳುವುದಿಲ್ಲ, ಹೇಳಬೇಕೆಂದು ನಿರೀಕ್ಷಿಸುವುದೂ ಸರಿಯಲ್ಲ. ಇನ್ನೊಂದು ಸಣ್ಣ ಉಳಿತಾಯವಿದೆ. ಫೈಬರ್ ಮೋಡೆಮ್‌ಗಳು ಸಾಮಾನ್ಯವಾಗಿ 12 ವೋಲ್ಟಿನ ಡಿಸಿ ಕರೆಂಟಿನಲ್ಲೇ ನಡೆಯುತ್ತವೆ. ಪೆಟ್ಟಿಗೆಯಲ್ಲಿ 12 ವೋಲ್ಟಿನ ಡಿಸಿ ಕಿಂಡಿ ಇದ್ದರೆ, ಮೋಡೆಮಿನ ಅಡಾಪ್ಟರಿನ ಮೇಲೆ ಬರೆದಿರುವ ವೋಲ್ಟೇಜನ್ನು ನೋಡಿಕೊಂಡು ಸರಿಯಾದ ವಯರಿನಲ್ಲಿ ನೇರವಾಗಿ ಜೋಡಿಸಬಹುದು. ಫೋನುಗಳನ್ನು ಯುಎಸ್‌ಬಿಯಲ್ಲೇ ಚಾರ್ಜ್ ಮಾಡಬೇಕು. ಫ್ಯಾನು ಬೇಡವಾದ ತಂಪು ರಾತ್ರಿಗಳಲ್ಲಿ ಪೆಟ್ಟಿಗೆಯ 230 ವೋಲ್ಟಿನ ಭಾಗದ ಗುಂಡಿಯನ್ನು (ಅದರ ಮೇಲೆ ಎಸಿ ಎಂದಿರುತ್ತದೆ) ಆಫ್ ಮಾಡಿ ಮಲಗಿದರೆ, ಅದೇ ಪೆಟ್ಟಿಗೆ ಎರಡು ಮೂರು ರಾತ್ರಿ ಬಂದರೂ ಆಶ್ಚರ್ಯವಿಲ್ಲ.

ಅಂಗಡಿಯಲ್ಲಾಗಲಿ ಆನ್‌ಲೈನಿನಲ್ಲಾಗಲಿ ಹೆಚ್ಚಿನವರು ಎಡವುವುದು ಅಂಕಿಗಳಲ್ಲಿ. ಮಾದರಿಯ ಹೆಸರಿನಲ್ಲಿರುವ ದೊಡ್ಡ ಸಂಖ್ಯೆ ಕೆಲವು ಕಡೆ ವಾಟ್, ಕೆಲವು ಕಡೆ ವಾಟ್-ಅವರ್. ವಾಟ್ ಎಂಬುದು ಒಮ್ಮೆಗೆ ಎಷ್ಟು ಭಾರ ಎಳೆಯಬಹುದು ಎಂಬುದನ್ನು ಹೇಳುತ್ತದೆ. ಎಷ್ಟು ಹೊತ್ತು ಎಳೆಯಬಹುದು ಎಂಬುದನ್ನು ವಾಟ್-ಅವರ್ ಮಾತ್ರ ಹೇಳುತ್ತದೆ. ಸಣ್ಣ ಪೆಟ್ಟಿಗೆಗಳ ಮೇಲೆ ಒಂದು ಲಕ್ಷ ಮಿಲಿಆಂಪ್-ಅವರ್ ಎಂದು ಬರೆದಿದ್ದರೆ ಬೆರಗಾಗಬೇಕಿಲ್ಲ: ಅದು ಸಾಮಾನ್ಯವಾಗಿ 3.7 ವೋಲ್ಟಿನ ಲೆಕ್ಕ, ಗುಣಿಸಿದರೆ 370 ವಾಟ್-ಅವರ್. ಪೀಕ್ ಎಂದು ಬರೆದಿರುವ ವಾಟ್ ಕೆಲವು ಕ್ಷಣಗಳದ್ದು, ಅದನ್ನು ನೋಡಿ ಕೊಳ್ಳಬಾರದು. ಕೆಲವು ಕಂಪನಿಗಳು ತಮ್ಮ ಪೆಟ್ಟಿಗೆ ಶಕ್ತಿಗೆ ಮೀರಿದ ಉಪಕರಣವನ್ನೂ ನಡೆಸುತ್ತದೆ ಎನ್ನುತ್ತವೆ. ಅದು ವೋಲ್ಟೇಜನ್ನು ಇಳಿಸಿ ಮಾಡುವ ಉಪಾಯ, ನೀರು ಕಾಯಿಸುವ ಕೆಟಲಿನಂಥದ್ದಕ್ಕೆ ನಡೆಯುತ್ತದೆ, ಮೋಟರಿಗೆ ನಡೆಯುವುದಿಲ್ಲ. ಪ್ಯೂರ್ ಸೈನ್ ವೇವ್ (ಗೋಡೆಯ ಕರೆಂಟಿನಂತೆ ನಯವಾದ ಅಲೆ) ಎಂದು ಸ್ಪಷ್ಟವಾಗಿ ಬರೆದಿರದ ಅಗ್ಗದ ಪೆಟ್ಟಿಗೆಗಳಲ್ಲಿ ಫ್ಯಾನು ಗುಂಯ್ಗುಟ್ಟುತ್ತದೆ, ಮೋಟರು ಬಿಸಿಯೇರುತ್ತದೆ. ಅಂಥದ್ದನ್ನು ಬಿಟ್ಟುಬಿಡುವುದೇ ಒಳ್ಳೆಯದು.

ಬ್ಯಾಟರಿಯ ಜಾತಿಯನ್ನೂ ಕೇಳಬೇಕು. ಲಿಥಿಯಂ ಐರನ್ ಫಾಸ್ಫೇಟ್, ಅಂದರೆ ಎಲ್ಎಫ್‌ಪಿ ಮಾತ್ರ ಕೊಳ್ಳಿ ಎಂಬುದು ನನ್ನ ಸಲಹೆ. ಹಳೆಯ ಮಾದರಿಗಳಲ್ಲಿರುವ ನಿಕ್ಕಲ್-ಮ್ಯಾಂಗನೀಸ್-ಕೋಬಾಲ್ಟ್ ಬ್ಯಾಟರಿ ಹಗುರವೇನೋ ಹೌದು, ಆದರೆ ಐನೂರರಿಂದ ಸಾವಿರ ಬಾರಿಯ ಚಾರ್ಜಿಗೆ ಕುಗ್ಗತೊಡಗುತ್ತದೆ. ಎಲ್ಎಫ್‌ಪಿ ಎರಡು ಮೂರು ಸಾವಿರ ಬಾರಿ ತಾಳುತ್ತದೆ, ಬಿಸಿಗೆ ಬೇಗ ಕೆರಳುವುದಿಲ್ಲ. ಹಂಚಿನ ಮಾಡಿನ ಕೆಳಗೆ ಏಪ್ರಿಲಿನ ಸೆಕೆಯಲ್ಲಿ ವರ್ಷಗಟ್ಟಲೆ ಕೂರಬೇಕಾದ ವಸ್ತುವಿನಲ್ಲಿ ಇದು ಸಣ್ಣ ಗುಣವಲ್ಲ. ಜೊತೆಗೆ ಲಿಥಿಯಂ ಬ್ಯಾಟರಿಗಳ ಭಾರತೀಯ ಮಾನಕವಾದ ಐಎಸ್ 16046ರ ಗುರುತು ಮತ್ತು ಆರ್ ಅಕ್ಷರದಿಂದ ಆರಂಭವಾಗುವ ಬಿಐಎಸ್ (ಭಾರತೀಯ ಮಾನಕ ಸಂಸ್ಥೆ) ನೋಂದಣಿ ಸಂಖ್ಯೆ ಇದೆಯೇ ನೋಡಿ.

ಇಷ್ಟೆಲ್ಲ ಹೇಳಿದ ಮೇಲೂ ಬರುವ ಪ್ರಶ್ನೆ ಒಂದೇ: "ಇದರಲ್ಲಿ ಪಂಪು ನಡೆಯುತ್ತದೆಯೇ ಭಾವ?" ನಡೆಸಲು ಹೋಗಬೇಡಿ ಎಂಬುದೇ ನನ್ನ ಉತ್ತರ. ಒಂದು ಎಚ್‌ಪಿ ಎಂದರೆ 746 ವಾಟ್. ಮೋಟರಿನ ನಷ್ಟ ಸೇರಿ ಎಳೆಯುವುದು ಸಾವಿರದ ಹತ್ತಿರ, ಸ್ಟಾರ್ಟ್ ಆಗುವ ಕ್ಷಣದಲ್ಲಿ ಅದರ ಹಲವು ಪಟ್ಟು. ಸಣ್ಣ ಪೆಟ್ಟಿಗೆ ಆ ಕ್ಷಣದಲ್ಲೇ ತಾನಾಗಿ ಆಫ್ ಆಗುತ್ತದೆ. ದೊಡ್ಡದು ಎಳೆದರೂ ಒಂದು ಟಾಂಕಿ ತುಂಬುವಷ್ಟರಲ್ಲಿ ರಾತ್ರಿಯ ಪಾಲು ಮುಗಿದಿರುತ್ತದೆ. ಎಣ್ಮಕಜೆ, ಪೈವಳಿಕೆಯ ಕಡೆ ಗುಡ್ಡ ಕೊರೆದು ಮಾಡಿದ ಸುರಂಗದ ನೀರು ತಾನಾಗಿ ಹರಿದು ಅಂಗಳಕ್ಕೆ ಬರುವ ಮನೆಗಳಿಗೆ ಈ ಚಿಂತೆಯೇ ಇಲ್ಲ. ಉಳಿದವರು ಗಾಳಿ ಎದ್ದ ಲಕ್ಷಣ ಕಂಡೊಡನೆ ತಾರಸಿಯ ಟಾಂಕಿ ತುಂಬಿಸಿಟ್ಟುಕೊಂಡರೆ, ಎತ್ತರದಲ್ಲಿ ನಿಂತ ಆ ಸಾವಿರ ಲೀಟರ್ ನೀರು ಯಾವ ಬ್ಯಾಟರಿಗೂ ಕಡಿಮೆಯಲ್ಲ. ಫ್ರಿಜ್ಜಿನ ವಿಷಯದಲ್ಲೂ ಅತಿ ಆತಂಕ ಬೇಡ. ಬಾಗಿಲು ತೆರೆಯದೆ ಇಟ್ಟರೆ ನಾಲ್ಕು ಗಂಟೆಯಷ್ಟು ಹೊತ್ತು ತಂಪು ಉಳಿಯುತ್ತದೆ. ರಾತ್ರಿಯಿಡೀ ನಡೆಸಲೇಬೇಕೆಂದರೆ ಮಾತ್ರ ಸಾವಿರದ ಪೆಟ್ಟಿಗೆಯ ಮಾತು ಬರುತ್ತದೆ.

ಸ್ವಂತ ಮನೆ, ವಯರಿಂಗ್ ಸರಿಯಿದೆ, ಈಗಾಗಲೇ ಇನ್ವರ್ಟರ್ ಇದೆ ಎನ್ನುವವರು ಪವರ್ ಸ್ಟೇಷನ್ ಕೊಳ್ಳಬೇಕಾಗಿಲ್ಲ. 12 ವೋಲ್ಟ್, 150 ಆಂಪ್-ಅವರಿನ ಟ್ಯೂಬ್ಯುಲರ್ ಬ್ಯಾಟರಿ ಕಾಗದದ ಮೇಲೆ 1800 ವಾಟ್-ಅವರ್. ಬಾಳಿಕೆಗಾಗಿ ಅರ್ಧವನ್ನಷ್ಟೇ ಬಳಸಿದರೂ 900 ಸಿಗುತ್ತದೆ, ಬೆಲೆಯೂ ಕಡಿಮೆ, ಕೆಟ್ಟರೆ ಪಕ್ಕದ ಪೇಟೆಯಲ್ಲೇ ರಿಪೇರಿಯಾಗುತ್ತದೆ. ಅದಕ್ಕೆ ಡಿಸ್ಟಿಲ್ಡ್ ವಾಟರ್ ಹಾಕುತ್ತಿರಬೇಕು, ಅಲುಗಾಡಿಸುವಂತಿಲ್ಲ ಎಂಬುದಷ್ಟೇ ತೊಂದರೆ. ಬಾಡಿಗೆ ಮನೆಯವರಿಗೆ, ಹಳೆಯ ವಯರಿಂಗಿನ ತರವಾಡು (ಹಿರಿಯರ ಕಾಲದ ಕುಟುಂಬದ) ಮನೆಗಳಿಗೆ, ವಯಸ್ಸಾದವರಷ್ಟೇ ಇರುವಲ್ಲಿಗೆ ಪವರ್ ಸ್ಟೇಷನ್ ಹೊಂದುತ್ತದೆ. ಪವರ್ ಸ್ಟೇಷನ್ ಕೆಟ್ಟರೆ ಇಲ್ಲಿನ ಇನ್ವರ್ಟರ್ ಮೆಕ್ಯಾನಿಕ್ ಅದನ್ನು ಬಿಚ್ಚಲಾರ. ಆದ್ದರಿಂದ ಸರ್ವಿಸ್ ಮಂಗಳೂರಿನಲ್ಲಿದೆಯೇ ಅಥವಾ ಕೊಚ್ಚಿ, ಬೆಂಗಳೂರಿಗೆ ಕಳುಹಿಸಬೇಕೇ, ಕಳುಹಿಸುವ ಖರ್ಚು ಯಾರದ್ದು ಎಂದು ದುಡ್ಡು ಕೊಡುವ ಮೊದಲೇ ಕೇಳಿ. ಲಿಥಿಯಂ ಬ್ಯಾಟರಿ ಎಂದ ಕೂಡಲೇ ಪಾರ್ಸೆಲ್ ಕಳುಹಿಸುವುದು ಸುಲಭವಲ್ಲ.

ಇಲ್ಲಿ ಒಂದು ಮಾತನ್ನು ಗಟ್ಟಿಯಾಗಿ ಹೇಳಬೇಕಾಗಿದೆ. ಎರಡೂ ತುದಿಗೆ ಪ್ಲಗ್ ಇರುವ ವಯರು ಮಾಡಿ ಪವರ್ ಸ್ಟೇಷನ್ನಿನಿಂದ ಗೋಡೆಯ ಸಾಕೆಟಿಗೆ ಕರೆಂಟು ಕೊಟ್ಟು ಇಡೀ ಮನೆಯನ್ನು ಬೆಳಗಿಸುವ ಉಪಾಯವನ್ನು ವೀಡಿಯೋಗಳಲ್ಲಿ ತೋರಿಸುತ್ತಾರೆ. ಮೇನ್ ಸ್ವಿಚ್ ಆಫ್ ಮಾಡಲು ಮರೆತರೆ ಆ ಕರೆಂಟು ಲೈನಿಗೆ ಹೋಗುತ್ತದೆ, ಟ್ರಾನ್ಸ್‌ಫಾರ್ಮರಿನಲ್ಲಿ ಹಿಂದುಮುಂದಾಗಿ ಸಾವಿರಾರು ವೋಲ್ಟಿಗೆ ಏರಬಹುದು. ಲೈನ್ ಆಫ್ ಇದೆ ಎಂದು ನಂಬಿ ಕಂಬ ಹತ್ತಿದವನ ಜೀವ ಹೋಗುತ್ತದೆ. ಇದನ್ನು ಮಾಡಲೇಬಾರದು, ಮನೆಯ ವಯರಿಂಗಿಗೆ ಜೋಡಿಸಬೇಕಾದರೆ ಹೊರಗಿನ ಲೈನನ್ನು ಕಡಿದೇ ಪೆಟ್ಟಿಗೆಯ ಕರೆಂಟು ಕೊಡುವ ಚೇಂಜ್‌ಓವರ್ ಸ್ವಿಚ್ ಹಾಕಿಸಿ, ಅದನ್ನೂ ಲೈಸೆನ್ಸ್ ಇರುವ ವಯರ್‌ಮನ್‌ನಿಂದಲೇ ಮಾಡಿಸಿ.

ಮೇ ತಿಂಗಳಲ್ಲಿ ಮತ್ತು ತುಲಾವರ್ಷದ (ಅಕ್ಟೋಬರ್-ನವೆಂಬರಿನ ಮಳೆ) ಸಂಜೆಗಳಲ್ಲಿ ನಮ್ಮಲ್ಲಿ ಸಿಡಿಲಿನ ಅಬ್ಬರ ಎಷ್ಟೆಂಬುದನ್ನು ಹೇಳಬೇಕಾಗಿಲ್ಲ. ಪೆಟ್ಟಿಗೆಯನ್ನು ಸದಾ ಗೋಡೆಗೆ ಜೋಡಿಸಿಟ್ಟು ಯುಪಿಎಸ್ ಮಾದರಿಯಲ್ಲಿ ಬಳಸಬಹುದು, ಕರೆಂಟು ಹೋದ ಹತ್ತಿಪ್ಪತ್ತು ಮಿಲಿಸೆಕೆಂಡಿನಲ್ಲಿ ಅದು ವಹಿಸಿಕೊಳ್ಳುತ್ತದೆ ಎಂದು ಕಂಪನಿಗಳು ಹೇಳುವುದು ನಿಜ. ಆದರೆ ಗುಡುಗು ಕೇಳಿಸಿದ ಕೂಡಲೇ ಪ್ಲಗ್ ಕಿತ್ತಿಡಿ. ಗೋಡೆಯ ಸಂಬಂಧವೇ ಇಲ್ಲದೆ ನಡೆಯುವುದು ಈ ವಸ್ತುವಿನ ದೊಡ್ಡ ಅನುಕೂಲ, ಸಿಡಿಲಿನ ಹೊತ್ತಿಗೆ ಅದನ್ನು ಬಿಟ್ಟುಕೊಡುವುದೇಕೆ?

ಸೋಲಾರ್ ಪ್ಯಾನೆಲ್ ಜೊತೆಗೆ ಕೊಡುವ ಸೆಟ್ಟುಗಳ ಬಗ್ಗೆ ನನಗೆ ಅಷ್ಟೇನೂ ಉತ್ಸಾಹವಿಲ್ಲ. ಡಿಸೆಂಬರಿನಿಂದ ಮೇವರೆಗೆ ಅಡಿಕೆ ಒಣಗುವ ಅಂಗಳದಲ್ಲಿ ಅದು ಚೆನ್ನಾಗಿಯೇ ನಡೆಯುತ್ತದೆ. ಕರೆಂಟು ಹೆಚ್ಚು ಕೈಕೊಡುವುದು ಆಟಿಯ (ಜುಲೈ-ಆಗಸ್ಟ್) ಮೋಡದಲ್ಲಿ, ಆಗ ನೂರು ವಾಟಿನ ಪ್ಯಾನೆಲ್ ಹತ್ತಿಪ್ಪತ್ತು ವಾಟ್ ಕೊಟ್ಟರೆ ಅದೇ ಹೆಚ್ಚು. ಒಂದು ಕಂಗಿನ ನೆರಳು ಅಡ್ಡ ಬಿದ್ದರೂ ಉತ್ಪತ್ತಿ ಕುಸಿಯುತ್ತದೆ. ಆ ದುಡ್ಡನ್ನು ಉಳಿಸಿ ಕಾರಿನ 12 ವೋಲ್ಟ್ ಸಾಕೆಟಿನ ವಯರು ಇಟ್ಟುಕೊಳ್ಳಿ: ಅದರಿಂದ ನೂರು ವಾಟಿನ ಆಸುಪಾಸಿನಲ್ಲಿ ಚಾರ್ಜ್ ಆಗುತ್ತದೆ, ಪೇಟೆಗೆ ಹೋಗಿ ಬರುವ ದಾರಿಯಲ್ಲೇ ಸ್ವಲ್ಪ ತುಂಬಿರುತ್ತದೆ.

ಗಲ್ಫಿನಲ್ಲಿರುವವರಿಗೆ ಒಂದು ಮಾತು. ದುಬೈಯಲ್ಲಿ ಅಗ್ಗ, ಬರುವಾಗ ತರುತ್ತೇನೆ ಎನ್ನುವವರು ಬಹಳ. ವಿಮಾನದಲ್ಲಿ ಇಂಥ ಬ್ಯಾಟರಿ 100 ವಾಟ್-ಅವರ್‌ವರೆಗೆ ಕೈಚೀಲದಲ್ಲಿ ತರಬಹುದು, 160ರವರೆಗೆ ವಿಮಾನ ಸಂಸ್ಥೆಯ ಅನುಮತಿ ಬೇಕು, ಅದಕ್ಕಿಂತ ಮೇಲಿನದಕ್ಕೆ ಅವಕಾಶವೇ ಇಲ್ಲ. ಲಗೇಜಿನಲ್ಲಿ ಹಾಕಿದರೆ ತಪಾಸಣೆಯಲ್ಲಿ ಹೊರಗೆ ತೆಗೆಯುತ್ತಾರೆ. ಅಂದರೆ ಇಲ್ಲಿ ಹೇಳಿದ ಯಾವ ಪೆಟ್ಟಿಗೆಯೂ ವಿಮಾನ ಹತ್ತುವುದಿಲ್ಲ. ಊರಿಗೆ ಉಪಕಾರ ಮಾಡಬೇಕೆಂದಿದ್ದರೆ ದುಡ್ಡು ಕಳುಹಿಸಿ, ಇಲ್ಲೇ ವಾರಂಟಿ ಸಿಗುವಂತೆ ಕೊಳ್ಳಲಿ.

ಕೊಂಡ ಮೇಲೆ ಆರೈಕೆ ಕಷ್ಟದ್ದಲ್ಲ. ನೆಲದಿಂದ ಎತ್ತರದಲ್ಲಿ, ಗಾಳಿಯ ಕಿಂಡಿಯೊಳಗೆ ಇರುವೆ ಹಲ್ಲಿ ನುಗ್ಗದಂತೆ ಇಡಿ. ಅಟ್ಟದಲ್ಲಿ, ಒಲೆಯ ಬಳಿ ಬೇಡ. ಬೇಸಿಗೆಯಲ್ಲಿ ಅರ್ಧಕ್ಕಿಂತ ಸ್ವಲ್ಪ ಹೆಚ್ಚು ಚಾರ್ಜ್ ಇರಿಸಿ ಮೂರು ತಿಂಗಳಿಗೊಮ್ಮೆ ನೋಡಿದರೆ ಸಾಕು.

ನನ್ನ ಮಟ್ಟಿಗೆ ಇದರ ನಿಜವಾದ ಅಗತ್ಯವಿರುವುದು ಹಾಸಿಗೆ ಹಿಡಿದವರ ಮನೆಗಳಲ್ಲಿ. ಎಂಡೋಸಲ್ಫಾನ್ ಕೀಟನಾಶಕದ ಗಾಯ ಇನ್ನೂ ಮಾಯದ ನಮ್ಮ ಪಂಚಾಯತುಗಳಲ್ಲಿ ಅಂಥ ಮನೆಗಳು ಕಡಿಮೆಯಿಲ್ಲ. ಮೈ ಹುಣ್ಣಾಗದಂತೆ ಹಾಕುವ ಗಾಳಿಹಾಸಿಗೆಯ ಪಂಪು ಹತ್ತು ವಾಟಿನ ಆಸುಪಾಸಿನದು, ಸಣ್ಣ ಪೆಟ್ಟಿಗೆ ಅದನ್ನು ಒಂದು ರಾತ್ರಿ ಸಲೀಸಾಗಿ ನಡೆಸುತ್ತದೆ. ನೆಬ್ಯುಲೈಸರ್ ಹತ್ತು ನಿಮಿಷದ ಕೆಲಸ. ಆಕ್ಸಿಜನ್ ಕಾನ್ಸಂಟ್ರೇಟರ್ ಮಾತ್ರ 350 ವಾಟಿನವರೆಗೆ ಎಳೆಯುವುದರಿಂದ ಸಾವಿರದ ಪೆಟ್ಟಿಗೆಯೂ ಎರಡೂವರೆ ಗಂಟೆ ದಾಟುವುದಿಲ್ಲ, ಅಲ್ಲಿ ಸಿಲಿಂಡರ್ ಇರಲೇಬೇಕು. ಪ್ರತಿ ಮನೆಯೂ ಒಂದೊಂದು ಕೊಳ್ಳುವುದಕ್ಕಿಂತ ವಾರ್ಡಿನ ಪಾಲಿಯೇಟಿವ್ (ಹಾಸಿಗೆ ಹಿಡಿದವರ ಆರೈಕೆಯ) ಘಟಕದಲ್ಲೋ ಗ್ರಂಥಾಲಯದಲ್ಲೋ ಎರಡು ಪೆಟ್ಟಿಗೆ, ಒಂದು ರಿಜಿಸ್ಟರು ಇಟ್ಟು, ಚಾರ್ಜ್ ಮಾಡಿಡುವ ಹೊಣೆಯನ್ನು ಒಬ್ಬರಿಗೆ ಒಪ್ಪಿಸಿದರೆ ದುಡ್ಡೂ ಉಳಿಯುತ್ತದೆ, ಬೇಕಾದವರಿಗೆ ಬೇಕಾದ ರಾತ್ರಿ ಸಿಗುತ್ತದೆ. ಕ್ಲಬ್ಬಿನ ಪಂದ್ಯದ ಮೈಕಿಗೆ, ಮದುವೆಮನೆಯ ದೀಪಾಲಂಕಾರಕ್ಕೆ ಕೊಡಲಾಗುವುದಿಲ್ಲ ಎಂದು ಆ ರಿಜಿಸ್ಟರಿನ ಮೊದಲ ಪುಟದಲ್ಲೇ ಬರೆಯಬೇಕಾದೀತು.